ಉಡಿಯ ಮಣ್ಣು

ಉಚ್ಚೆಂಗೆಪ್ಪನಿಗೆ ಇಬ್ಬರು ದೇವರು. ಒಬ್ಬಳು ಮನೆದೇವತೆ ಉಚ್ಚೆಂಗೆಮ್ಮ, ಇನ್ನೊಬ್ಬಳು ಸ್ವಚ್ಛತೆ. ಬಳ್ಳಾರಿಯ ಕಾಲೇಜೊಂದರ ಸಸ್ಯಶಾಸ್ತ್ರ ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಅಟೆಂಡರ್ ಆಗಿದ್ದ ಅವನು ಮೊದಲನೆಯವಳಿಗೆ ವರ್ಷಕ್ಕೊಮ್ಮೆ ಕಾಯಿ ಒಡೆಸುತ್ತಿದ್ದ, ಎರಡನೆಯವಳಿಗೆ ದಿನವೂ ಬಕೆಟ್ಟುಗಟ್ಟಲೆ ನೀರು ಸುರಿಯುತ್ತಿದ್ದ. ಅವನು ತೊಳೆದಿಟ್ಟ ಗಾಜಿನ ಸಾಮಾನು ಮುಟ್ಟಲು ವಿದ್ಯಾರ್ಥಿನಿಯರು ಹೆದರುತ್ತಿದ್ದರು, ಬೆರಳಚ್ಚು ಬಿದ್ದರೆ ಮುದುಕ ಬೈಯುತ್ತಾನೆ ಎಂದು. ಐವತ್ತೆಂಟು ಮುದುಕತನವಲ್ಲ ಎಂದು ಅವನ ವಾದ. ಇರಲಿ. ತಪ್ಪು ನಡೆದದ್ದು ಈ ಎರಡನೆಯ ದೇವರ ಸೇವೆಯಲ್ಲೇ. ಅದಕ್ಕೆ ಯಾವ ದೇವರ ಹತ್ತಿರ ಕ್ಷಮೆ ಕೇಳಬೇಕೆಂಬುದು ಅವನಿಗೆ ಬಹಳ ದಿನ ತಿಳಿಯಲಿಲ್ಲ.

ಅಂದು ಆಯುಧಪೂಜೆಯ ಹಿಂದಿನ ದಿನ. ಮಧ್ಯಾಹ್ನಕ್ಕೆಲ್ಲ ಕಾಲೇಜು ಖಾಲಿ. ಉಚ್ಚೆಂಗೆಪ್ಪ ಪಂಚೆ ಎತ್ತಿ ಕಟ್ಟಿ ಕೆಲಸಕ್ಕೆ ನಿಂತ. ಸೂಕ್ಷ್ಮದರ್ಶಕಗಳನ್ನು ಒರೆಸಿದ, ತಕ್ಕಡಿ ಒರೆಸಿದ, ಮೂಲೆಯ ಜೇಡರ ಬಲೆ ತೆಗೆದ. ಕೊನೆಗೆ ಫ್ರಿಜ್ಜು. ಅದರ ಹಿಂಬದಿಯಲ್ಲಿ ಹಳೆಯ ಬಿಸ್ಕೀಟಿನ ಡಬ್ಬಿಯೊಂದರೊಳಗೆ ಹತ್ತಿಯ ಬಿರಡೆ ಹಾಕಿದ ಹದಿನಾಲ್ಕು ಗಾಜಿನ ನಳಿಗೆಗಳು ಸಿಕ್ಕವು. ಒಂದೊಂದರಲ್ಲೂ ಓರೆಯಾಗಿ ಹೆಪ್ಪುಗಟ್ಟಿದ ಗಂಜಿ, ಗಂಜಿಯ ಮೇಲೆಲ್ಲ ಬಿಳೀ ಬೂಜು. ಹೊರಗೆ ಇಂಗ್ಲಿಷಿನಲ್ಲಿ ಏನೋ ಬರೆದ ಚೀಟಿ. ಅವನಿಗೆ ಓದಲು ಬರುತ್ತಿದ್ದದ್ದು ಕನ್ನಡ ಮಾತ್ರ.

ಬೂಜು ಎಂದರೆ ಆ ಲ್ಯಾಬಿನಲ್ಲಿ ಶತ್ರು. ವಿಭಾಗದ ಅಧ್ಯಾಪಕಿ ಸುನಂದಾ ಮೇಡಂ ಗಿಡದ ಮೊಳಕೆಗಳನ್ನು ಸೀಸೆಗಳಲ್ಲಿ ಬೆಳೆಸುತ್ತಿದ್ದರು. ಅದರಲ್ಲಿ ಬೂಜು ಕಂಡರೆ ಸೀಸೆ ಕೆಟ್ಟಿತೆಂದೇ ಅರ್ಥ. ‘ಬೂಜು ಕಂಡ್ರ ನನ್ನ ಕೇಳಬ್ಯಾಡ್ರಿ, ಕುದಿಸಿ ಎಸದುಬಿಡ್ರಿ’ ಎಂದು ಅವರೇ ಅವನಿಗೆ ಹೇಳಿಕೊಟ್ಟು ಒಂಬತ್ತು ವರ್ಷವಾಗಿತ್ತು. ಉಚ್ಚೆಂಗೆಪ್ಪ ಕಲಿತದ್ದನ್ನು ಮರೆಯುವ ಪೈಕಿ ಅಲ್ಲ. ಹದಿನಾಲ್ಕನ್ನೂ ಕುದಿಸಿದ, ಗಂಜಿ ಸುರಿದ, ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿದ, ಬಿಸಿಲಿಗೆ ಒಣಗಿಸಿದ. ಮರುದಿನ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಲ್ಲಿಸಿ, ಒಂದೊಂದಕ್ಕೂ ಅರಿಶಿಣ ಕುಂಕುಮ ಇಟ್ಟು, ಒಂದೊಂದು ಚೆಂಡುಹೂ ಮುಡಿಸಿ, ದೂರ ನಿಂತು ನೋಡಿದ. ಕಣ್ಣು ತುಂಬಿ ಬಂತು. ಅಷ್ಟು ಚೆನ್ನಾಗಿ ಕಾಣುತ್ತಿದ್ದವು.

ರಜೆ ಮುಗಿದ ದಿನ ಸುನಂದಾ ಮೇಡಂ ಫ್ರಿಜ್ಜಿನ ಬಾಗಿಲು ತೆಗೆದು ಹಿಂಬದಿಗೆ ಕೈ ಹಾಕಿ ತಡಕಿದರು.

“ಉಚ್ಚೆಂಗೆಪ್ಪ, ಬಿಸ್ಕೀಟಿನ ಡಬ್ಬಿ ಎಲ್ಲೈತಿ?”

“ತೊಳದಿಟ್ಟೀನ್ರಿ ಮೇಡಂ. ಸ್ಟ್ಯಾಂಡಿನ್ಯಾಗ ನೋಡ್ರಿ, ಹದಿನಾಕೂ ಅದಾವು.”

ಮೇಡಂ ನೋಡಿದರು. ಒಣಗಿದ ಚೆಂಡುಹೂ ಒಂದನ್ನು ಬೆರಳಲ್ಲಿ ಮುಟ್ಟಿದರು.

“ಕುದಿಸಿದ್ರೇನು?”

“ಹ್ಞೂನ್ರಿ. ಎರಡು ಸಲ ಕುದಿಸೀನಿ.”

“ಎರಡು ಸಲ” ಎಂದರು ಮೇಡಂ. ಎಂದು, ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವರು ಬೈಯಲಿಲ್ಲ. ಕೈಯಿಂದ ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿ ಕುಳಿತರು, ಅವರ ಭುಜ ಅಲುಗುತ್ತಿತ್ತು. ಏನೋ ಸತ್ತಿದೆ, ತನ್ನ ಕೈಯಿಂದಲೇ ಸತ್ತಿದೆ ಎಂಬುದಷ್ಟು ಅವನಿಗೆ ತಿಳಿಯಿತು.

ಸತ್ತದ್ದೇನು ಎಂಬುದನ್ನು ಅವರು ಸಂಜೆ ಹೇಳಿದರು. ಕುರುಗೋಡಿನ ಗುಡ್ಡದ ಒಂದೇ ಒಂದು ಇಳಿಜಾರಿನಲ್ಲಿ ಒಂದು ಆರ್ಕಿಡ್ ಬೆಳೆಯುತ್ತಿತ್ತು. ಮರದ ಮೇಲಲ್ಲ, ನೆಲದಲ್ಲಿ. ಮಳೆಗಾಲಕ್ಕೆ ಎರಡೆಲೆ, ಒಂದು ದಂಟು, ದಂಟಿನ ತುಂಬ ಬಿಳೀ ಹೂ. ಬೇಸಿಗೆಗೆ ಮಣ್ಣೊಳಗೆ ಒಂದು ಗಡ್ಡೆ ಮಾತ್ರ. ಮೇಡಂ ಆರು ವರ್ಷ ಬೇರೆ ಗುಡ್ಡಗಳನ್ನೆಲ್ಲ ತಿರುಗಿದರೂ ಅದು ಇನ್ನೊಂದು ಕಡೆ ಸಿಕ್ಕಿರಲಿಲ್ಲ. ಮೂರು ವರ್ಷದ ಹಿಂದೆ ಆ ಇಳಿಜಾರಿಗೆ ಕಲ್ಲಿನ ಕ್ವಾರಿ ಬಂತು. ಅದಕ್ಕೂ ಮುಂಚೆ ತಂದ ಕೊನೆಯ ಕಾಯಿಯ ಬೀಜದಿಂದ ಮೇಡಂ ಹನ್ನೆರಡು ಮೊಳಕೆ ಎಬ್ಬಿಸಿದ್ದರು. ಹನ್ನೆರಡು ಸೀಸೆ, ಒಂದೊಂದರಲ್ಲಿ ಅಕ್ಕಿಕಾಳಿನಷ್ಟು ಒಂದೊಂದು ಜೀವ.

“ಭತ್ತದ ಬೀಜದಾಗ ಅಕ್ಕಿ ಇರತೈತಿ” ಎಂದರು ಮೇಡಂ. ಉಚ್ಚೆಂಗೆಪ್ಪ ಸಿರುಗುಪ್ಪದ ಕಡೆಯ ಕರೂರಿನವನು, ಭತ್ತದ ಗದ್ದೆಯಲ್ಲಿ ಹುಟ್ಟಿ ಬೆಳೆದವನು. ಭತ್ತದಲ್ಲಿ ಹೇಳಿದರೆ ಅವನಿಗೆ ತಿಳಿಯುತ್ತದೆ. “ಮೊಳಕಿ ಆ ಅಕ್ಕಿ ತಿಂದು ಮ್ಯಾಲೆ ಏಳತೈತಿ. ಈ ಗಿಡದ ಬೀಜ ಬರೇ ಧೂಳು, ಒಳಗ ಏನೂ ಇಲ್ಲ. ತಾಯಿ ಬುತ್ತಿ ಕಟ್ಟದ ಕಳಿಸಿದ ಕೂಸು ಇದು. ಮಣ್ಣಿನ್ಯಾಗ ಒಂದು ಬೂಜು ಇರತೈತಿ. ಅದು ಒಳಗ ಹೊಕ್ಕು ಉಣಿಸಿದ್ರ ಉಂಟು, ಇಲ್ಲಾಂದ್ರ ಇಲ್ಲ. ನಾನು ಸಕ್ಕರಿ ನೀರು ಕುಡಿಸಿ ಇಷ್ಟು ದಿನ ಸಾಕೀನಿ. ಇನ್ನ ಮುಂದ ಸಕ್ಕರಿ ಸಾಲಂಗಿಲ್ಲ. ಈ ವಾರ ಆ ಬೂಜು ಕೂಡಿಸಬೇಕಂತಿದ್ದೆ.”

“ಹದಿನಾಕು ನಳಿಗಿಯಾಗಿದ್ದದ್ದು ಅದ ಏನ್ರಿ?”

“ಅದ. ಗುಡ್ಡದ ಬೇರಿನಿಂದ ತಗದಿದ್ದು. ಬ್ಯಾರೆ ಊರಿನ ಲ್ಯಾಬಿಗೆ ಒಂದಿಷ್ಟು ಕಳಿಸಿದ್ದೆ, ದಾರಿಯಾಗ ಕೆಟ್ಟು ಹೋತು.” ಮೇಡಂ ಖಾಲಿ ನಳಿಗೆಯೊಂದನ್ನು ಎತ್ತಿ ನೋಡಿದರು. ಆಮೇಲೆ, “ಚೀಟಿ ಕನ್ನಡದಾಗ ಬರೀಬೇಕಿತ್ತು ನಾನು” ಎಂದರು.

ಆ ಮಾತು ಅವನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ತಪ್ಪನ್ನು ಹಂಚಿಕೊಳ್ಳಲು ಬಂದವರ ಮುಂದೆ ಮನುಷ್ಯ ಎಲ್ಲಿ ಮುಖ ಇಡಬೇಕು? ಮನೆಗೆ ಹೋಗಿ ಊಟಕ್ಕೆ ಕುಳಿತ. ಕೈ ನೋಡಿಕೊಂಡ. ಸೋಪಿನ ವಾಸನೆಯ, ಉಗುರಲ್ಲಿ ಒಂದು ಕಣ ಕೊಳೆಯಿಲ್ಲದ ಕೈ. ಅದನ್ನು ಕಂಡರೇ ಅಸಹ್ಯವಾಯಿತು.

ಉಳಿದಿದ್ದ ದಾರಿ ಒಂದೇ. ಗುಡ್ಡದಲ್ಲಿ ಎಲ್ಲಾದರೂ ಒಂದು ಗಿಡ ಉಳಿದಿದ್ದು, ಅದರ ಬೇರಿನ ಒಂದು ಚೂರು ಸಿಕ್ಕಿದರೆ ಬೂಜನ್ನು ಮತ್ತೆ ತೆಗೆಯಬಹುದು. ಬೂಜು ಇರುವುದು ಬೇರಿನಲ್ಲಿ, ಗಡ್ಡೆಯಲ್ಲಲ್ಲ. ಮಳೆ ಹಿಂದೆ ಸರಿದು ಎಲೆ ಒಣಗಿದರೆ ಬೇರೂ ಒಣಗುತ್ತದೆ. ಹಾಗಾಗಿ ಕೈಯಲ್ಲಿದ್ದದ್ದು ಹದಿನೈದು ದಿನ, ಹೆಚ್ಚೆಂದರೆ ಇಪ್ಪತ್ತು. ಮೂರನೆಯ ದಿನವೇ ಇಬ್ಬರೂ ಕುರುಗೋಡಿನ ಬಸ್ಸು ಹತ್ತಿದರು.

ಗುಡ್ಡದ ಆ ಮಗ್ಗುಲು ಇರಲಿಲ್ಲ. ಇತ್ತೆಂದು ಹೇಳುವುದಕ್ಕೆ ಅರ್ಧ ಕೊಯ್ದ ಬಂಡೆ, ತಂತಿಬೇಲಿ, ಬೇಲಿಯಾಚೆಯ ಜಾಲಿಯ ಮೇಲೆ ಹಿಟ್ಟಿನಂತೆ ಕುಳಿತ ಕಲ್ಲಿನ ಪುಡಿ, ಇಷ್ಟು. ಮೇಡಂ ಬೇಲಿಯ ಗುಂಟ ಮೇಲೆ ಹತ್ತಿ ಬಿರುಕು ಬಿರುಕಿಗೂ ಕೈ ಹಾಕಿ ಹುಡುಕುತ್ತ ಹೋದರು. ಉಚ್ಚೆಂಗೆಪ್ಪ ಕೆಳಗಿನ ಮನೆಗಳ ಕಡೆ ಇಳಿದ. ಕೊನೆಯ ಮನೆಯ ಕಟ್ಟೆಯ ಮೇಲೆ ಮಾರೆಮ್ಮ ಎಂಬ ಎಪ್ಪತ್ತರ ಹೆಂಗಸು ಮೇಕೆಗೆ ಸೊಪ್ಪು ಕಟ್ಟುತ್ತಿದ್ದಳು. ಮೊದಲು ಮೇಡಂ ಇಲ್ಲಿಗೆ ಬರುತ್ತಿದ್ದಾಗ ಇವಳು ಆ ಗಿಡದ ಬಗ್ಗೆ ಒಮ್ಮೆ ಮಾತಾಡಿದ್ದಳಂತೆ. ಹಾಲಗಡ್ಡಿ ಎಂದು ಹೆಸರೂ ಹೇಳಿದ್ದಳಂತೆ.

ಇಲ್ಲಿ ಉಚ್ಚೆಂಗೆಪ್ಪ ಎರಡನೆಯ ತಪ್ಪು ಮಾಡಿದ. ‘ನನ್ನ ಕೈಯಿಂದ ಹಾಳಾತವ್ವ, ಕಾಪಾಡು’ ಎನ್ನಬೇಕಾದವನು ನಾಚಿಕೆಗೆ ಹೆದರಿ, ಎದೆ ಸೆಟೆಸಿ, “ಸರ್ಕಾರದಿಂದ ಬಂದೀವಿ ಯಮ್ಮಾ. ಗುಡ್ಡದ ಗಿಡ ಯಾರ್ಯಾರ ಮನಿಯಾಗ ಅದಾವು ಅಂತ ಸರ್ವೇ ನಡದೈತಿ. ಹಾಲಗಡ್ಡಿ ನಿಮ್ಮನ್ಯಾಗ ಐತೇನು?” ಎಂದ. ಸರ್ಕಾರ ಎಂದರೆ ಬೇಗ ಹೇಳುತ್ತಾಳೆಂದು ಅವನ ಲೆಕ್ಕಾಚಾರ.

ಮಾರೆಮ್ಮ ಸೊಪ್ಪು ಕಟ್ಟುವುದನ್ನು ನಿಲ್ಲಿಸಿದಳು. “ನಾವ್ಯಾಕ ಇಟ್ಕೊಳ್ಳೋಣಪ್ಪ? ಇಲ್ಲ” ಎಂದು ಒಳಗೆ ಹೋಗಿ ಬಾಗಿಲು ಮುಂದಕ್ಕೆ ಎಳೆದುಕೊಂಡಳು.

ಮೇಡಂ ಬರಿಗೈಯಲ್ಲಿ ಇಳಿದು ಬಂದರು. ಮೊಣಕೈ ತರಚಿತ್ತು. ಇಬ್ಬರೂ ಬಸ್‌ಸ್ಟ್ಯಾಂಡಿನಲ್ಲಿ ಕುಳಿತಿದ್ದಾಗ ಒಬ್ಬ ಹುಡುಗಿ ಓಡುತ್ತ ಬಂದಳು. ಮಾರೆಮ್ಮನ ಮೊಮ್ಮಗಳು, ಅನಿತಾ ಎಂದು ಹೆಸರು, ಬರುವ ಮಾಘದಲ್ಲಿ ಮದುವೆ.

“ಅಜ್ಜಿ ಹೇಳಬ್ಯಾಡ ಅಂದಾಳ್ರಿ. ಖರೇ ಹೇಳ್ತೀನಿ, ನಮ್ಮ ಸೋದರತ್ತಿ ಊರಮ್ಮನ ಕಡಿ ಒಂದು ಐತ್ರಿ, ದೇಶನೂರಾಗ. ನಮ್ಮನ್ಯಾಗ ಹೆಣ್ಣುಮಕ್ಕಳನ್ನ ಕೊಟ್ಟು ಕಳಿಸುವಾಗ ಉಡಿಯಾಗ ಅಕ್ಕಿ, ಕೊಬ್ಬರಿ ಜೋಡಿ ಒಂದು ಹಾಲಗಡ್ಡಿ, ಒಂದು ಹಿಡಿ ಗುಡ್ಡದ ಮಣ್ಣು ಹಾಕ್ತೀವ್ರಿ. ತವರ ಮಣ್ಣು ಇಲ್ಲದ ಆ ಗಡ್ಡಿ ಹತ್ತಂಗಿಲ್ಲಂತ.”

ಮೇಡಂ ಎದ್ದು ನಿಂತರು. ಹುಡುಗಿಯ ಎರಡೂ ಕೈ ಹಿಡಿದುಕೊಂಡರು. ‘ತವರ ಮಣ್ಣು ಇಲ್ಲದೆ ಹತ್ತುವುದಿಲ್ಲ.’ ಅವರು ಒಂಬತ್ತು ವರ್ಷ ಓದಿ ತಿಳಿದದ್ದು ಈ ಮನೆಯ ಹೆಂಗಸರ ಸೆರಗಿನಲ್ಲಿ ಮೊದಲೇ ಇತ್ತು.

ಮರುದಿನ ಸಿರುಗುಪ್ಪಕ್ಕೆ ಹೋಗಿ, ಅಲ್ಲಿಂದ ಆಟೋ ಹಿಡಿದು ದೇಶನೂರು ಮುಟ್ಟಿದರು. ದಾರಿಯ ಎರಡೂ ಕಡೆ ಭತ್ತ ತೆನೆ ಕಟ್ಟಿತ್ತು. ಊರಮ್ಮ ನಲವತ್ತೈದರ ಹೆಂಗಸು, ನಗುಮುಖದವಳು. ತವರಿನ ಹೆಸರು ಹೇಳಿದ್ದೇ ತಡ, ನೀರು ಕೊಟ್ಟು, ಹಿತ್ತಲಿಗೆ ಕರೆದುಕೊಂಡು ಹೋದಳು. ತುಳಸಿಕಟ್ಟೆಯ ಪಕ್ಕದ ಮಣ್ಣಿನ ಕುಂಡದಲ್ಲಿ ಎರಡು ಎಲೆ, ತುದಿ ಮಾತ್ರ ಹಳದಿ. ಉಚ್ಚೆಂಗೆಪ್ಪ ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಕೈ ಮುಗಿದೇಬಿಟ್ಟ. ಅವನಿಗೆ ಅಳು ಬಂತು, ಅತ್ತ. ಊರಮ್ಮ ಗಾಬರಿಯಾದಳು.

ಮೇಡಂ ಮಣ್ಣು ಕೆದಕಿ ಒಂದು ಬೇರಿನಿಂದ ಅರ್ಧ ಬೆರಳಿನಷ್ಟು ಕತ್ತರಿಸಿ ತೇವದ ಕಾಗದದಲ್ಲಿ ಸುತ್ತಿಕೊಂಡರು. ಅಷ್ಟರಲ್ಲಿ ಊರಮ್ಮನ ಗಂಡ ಪರಶು ಗದ್ದೆಯಿಂದ ಬಂದ. ಬೆನ್ನಿನಲ್ಲಿ ಔಷಧ ಹೊಡೆಯುವ ಪಂಪು.

“ಆಕಿ ತವರಿನ ಗಿಡ್ರಿ ಅದು” ಎಂದ ಹೆಮ್ಮೆಯಿಂದ. “ನಾ ಭಾರಿ ಜ್ವಾಕಿ ಮಾಡೀನಿ. ಭತ್ತಕ್ಕ ಬೆಂಕಿರೋಗದ ಔಷಧ ಹೊಡದಾಗೊಮ್ಮಿ ಪಂಪಿನ್ಯಾಗ ಉಳದಿದ್ದು ತಂದು ಇದಕ್ಕ ಹಾಕ್ತೀನಿ. ಒಂದು ಹುಳ ಇಲ್ಲ, ಒಂದು ಬೂಜಿಲ್ಲ ನೋಡ್ರಿ.”

ಮೇಡಂ ಉಚ್ಚೆಂಗೆಪ್ಪನ ಮುಖ ನೋಡಿದರು. ಬೆಂಕಿರೋಗವೂ ಒಂದು ಬೂಜೇ ಎಂದು ಭತ್ತದವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬೂಜು ಕೊಲ್ಲುವ ಔಷಧಕ್ಕೆ ಇದು ಒಳ್ಳೆಯದು, ಅದು ಕೆಟ್ಟದ್ದು ಎಂದು ಗೊತ್ತೇ? ಪರಶುವಿನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹೆಂಡತಿಯ ತವರಿನ ಗಿಡ ಎಂದು ಪ್ರೀತಿಯಿಂದ ಮಾಡಿದ್ದ. ಚೆಂಡುಹೂ ಮುಡಿಸಿದವನಿಗೆ ಅವನನ್ನು ಬೈಯಲು ಯಾವ ಬಾಯಿ?

“ಎಷ್ಟು ವರ್ಷದಿಂದ ಹಾಕಾಕತ್ತೀರಿ?” ಎಂದರು ಮೇಡಂ.

“ಎರಡು ವರ್ಷಾತ್ರಿ.”

“ಹೂ ಬಿಡ್ತೈತೇನು?”

ಊರಮ್ಮನ ನಗು ಸ್ವಲ್ಪ ಕುಂದಿತು. “ಮೊದ್ಲು ಬಿಡ್ತಿತ್ರಿ. ಎರಡು ವರ್ಷದಿಂದ ಇಲ್ಲ” ಎಂದಳು.

ಬಳ್ಳಾರಿಗೆ ಬಂದು ಬೇರನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟರು. ಮೊದಲೊಮ್ಮೆ ಮೇಡಂ ಗುಡ್ಡದ ಗಿಡದ ಬೇರನ್ನು ಅವನಿಗೆ ತೋರಿಸಿದ್ದರು: ಜೀವಕೋಶವೆಂಬ ಒಂದೊಂದು ಕೋಣೆಯಲ್ಲೂ ಸುತ್ತಿಟ್ಟ ದಾರದ ಉಂಡೆಯ ಹಾಗೆ ಬೂಜಿನ ಎಳೆಗಳು. ಈಗ ನೋಡಿದರೆ ಎಲ್ಲ ಕೋಣೆಗಳೂ ಖಾಲಿ. ಗುಡಿಸಿ ಸಾರಿಸಿದ ಮನೆ. ಅಷ್ಟು ಸ್ವಚ್ಛವಾದದ್ದನ್ನು ಉಚ್ಚೆಂಗೆಪ್ಪ ತನ್ನ ಜನ್ಮದಲ್ಲಿ ನೋಡಿರಲಿಲ್ಲ.

“ಕುಂಡದ ಗಿಡ ಇನ್ನೂ ಒಂದೋ ಎರಡೋ ಮಳಿ ತಡೀತೈತಿ” ಎಂದರು ಮೇಡಂ. “ಆಮ್ಯಾಲೆ ಅದೂ ಇಲ್ಲ.”

ಅವತ್ತಿಡೀ ಅವನ ತಲೆಯಲ್ಲಿ ಮಾರೆಮ್ಮ ಎಳೆದುಕೊಂಡ ಬಾಗಿಲು ತಿರುಗುತ್ತಿತ್ತು. ಮಾಘದಲ್ಲಿ ಮೊಮ್ಮಗಳ ಮದುವೆ. ಗುಡ್ಡ ಹೋಗಿ ಮೂರು ವರ್ಷ. ಉಡಿ ತುಂಬುವ ಮುದುಕಿ, ಗುಡ್ಡ ಒಡೆಯುವಾಗ ಸುಮ್ಮನೆ ನೋಡುತ್ತ ಕುಳಿತಿದ್ದಾಳೆಯೇ? ಇದು ಹೊಳೆದಾಗ ಅವನು ದಡಕ್ಕನೆ ಎದ್ದು ನಿಂತ. ಗಿಡ ಬೆಳೆದ ಮಣ್ಣನ್ನಾದರೂ ಇಟ್ಟುಕೊಂಡಿರಲೇಬೇಕು, ಬೂಜು ಆ ಮಣ್ಣಿನಲ್ಲೂ ಇರುತ್ತದಲ್ಲ. ಮರುದಿನ ಮೇಡಂಗೂ ಹೇಳದೆ ಒಬ್ಬನೇ ಕುರುಗೋಡಿಗೆ ಹೋದ.

ಮಾರೆಮ್ಮ ಕಟ್ಟೆಯ ಮೇಲೇ ಇದ್ದಳು. ಅವನನ್ನು ಕಂಡು ಏಳಲು ಹೋದಳು. ಉಚ್ಚೆಂಗೆಪ್ಪ ಚಪ್ಪಲಿ ಬಿಟ್ಟು, ಅವಳ ಕಾಲ ಹತ್ತಿರ ನೆಲದ ಮೇಲೆ ಕುಳಿತ.

“ಯಮ್ಮಾ, ನಾ ಸುಳ್ಳ ಹೇಳಿದ್ನಿ. ನಾ ಸರ್ಕಾರದಾವ ಅಲ್ಲ, ಕಾಲೇಜಿನ್ಯಾಗ ಗಾಜು ತೊಳೆಯಾವ. ಮೇಡಂ ನಿಮ್ಮ ಗುಡ್ಡದ ಗಿಡದ ಜೀವ ಹದಿನಾಕು ನಳಿಗಿಯಾಗ ಇಟ್ಟಿದ್ರು. ಬೂಜು ಅಂತ ತಿಳಕೊಂಡು ನಾ ತೊಳದ್ನಿ. ತೊಳದು ಪೂಜಿ ಮಾಡಿದ್ನಿ. ಈಗ ಹನ್ನೆರಡು ಕೂಸು ಸಾಯಾಕ ಹತ್ಯಾವು, ನಿಮ್ಮ ಮಗಳ ಮನಿ ಗಿಡನೂ ಸಾಯಾಕ ಹತ್ತೈತಿ. ಗುಡ್ಡದ ಮಣ್ಣು ಎಲ್ಲಾರ ಒಂದು ಹಿಡಿ ಇದ್ರ ಕೊಡವ್ವ. ನಿನ್ನ ಕಾಲು ಹಿಡೀತೀನಿ.”

ಮಾರೆಮ್ಮ ಕಾಲು ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಎದ್ದು ಒಳಗೆ ಹೋಗಿ ಒಂದು ಮಣ್ಣಿನ ಗಡಿಗೆ ತಂದು ಅವನ ಮುಂದೆ ಇಟ್ಟಳು. ತೊಳೆದ ಗಡಿಗೆ. ಒಳಗೆ ಏನೂ ಇರಲಿಲ್ಲ.

“ಅನಿತಾನ ಉಡಿಗಂತ ಇಟ್ಟಿದ್ನಿ” ಎಂದಳು. “ಗುಡ್ಡ ಒಡಿಯಾಕ ಬಾಂಬು ಇಡಾಕ ಶುರು ಮಾಡಿದ ದಿನ ಹೋಗಿದ್ನಿ, ಗಡ್ಡಿ ಸಿಗಲಿಲ್ಲ, ಈ ಗಡಿಗಿ ತುಂಬ ಮಣ್ಣು ತಂದಿದ್ನಿ. ಮೂರು ವರ್ಷ ಅಟ್ಟದ ಮ್ಯಾಲಿತ್ತು. ನೀ ಸರ್ಕಾರ ಅಂದಿ, ಸರ್ವೇ ಅಂದಿ. ಗುಡ್ಡ ಅಳಿಯಾಕ ಬಂದಾವ್ರೂ ಹಂಗ ಅಂದಿದ್ರು. ಮದುವಿ ಮನಿ, ಕೇಸು ಗೀಸು ಆದ್ರ ಹುಡುಗಿ ಗತಿ ಏನಂತ ಹೆದರಿ, ನೀ ಹೋದ ಮ್ಯಾಲೆ ಸುರದುಬಿಟ್ಟೆ. ಗಡಿಗೀನೂ ತೊಳದಿಟ್ಟೆ.”

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಇಲ್ಲಿ ಕೋಟೆ ಉಳಿದಿತ್ತು, ಬಾಗಿಲು ತಟ್ಟಿ ಸೂರೆ ಮಾಡಿಸಿದವನು ಇವನೇ. ಒಂದು ಸುಳ್ಳು. ಇದ್ದದ್ದು ಇದ್ದ ಹಾಗೆ ಹೇಳಿದ್ದರೆ ಅವತ್ತೇ ಗಡಿಗೆ ಮಡಿಲಲ್ಲಿರುತ್ತಿತ್ತು. ಉಚ್ಚೆಂಗೆಪ್ಪ ಹಣೆಯನ್ನು ಕಟ್ಟೆಯ ಕಲ್ಲಿಗೆ ಹಚ್ಚಿ, “ಎಲ್ಲಿ ಸುರದಿ ಯಮ್ಮಾ?” ಎಂದ.

“ತಿಪ್ಪಿಗೆ.”

ಮನೆಯ ಹಿಂದೆ ತಿಪ್ಪೆ. ಸಗಣಿ, ಮೇಕೆಯ ಹಿಕ್ಕೆ, ಬೂದಿ, ಕೊಳೆತ ಸೊಪ್ಪು. ಲೋಕದ ಬೂಜೆಲ್ಲ ಅಲ್ಲೇ ಸಂಸಾರ ಹೂಡಿತ್ತು. ಮಾರೆಮ್ಮ ತೋರಿಸಿದ ಮೂಲೆಯಲ್ಲಿ ಕೆಂಪಗಿನ, ಸಣ್ಣ ಹರಳಿನ ಮಣ್ಣು ಒಂದು ಮೊರದಷ್ಟು ಚೆಲ್ಲಿಕೊಂಡಿತ್ತು. ಅರ್ಧಕ್ಕೆ ಸಗಣಿ ಬೆರೆತಿತ್ತು. ಇಪ್ಪತ್ತಾರು ವರ್ಷ ಬ್ಲೀಚಿಂಗ್ ಪೌಡರಿನಲ್ಲಿ ಕೈ ಅದ್ದಿದ ಮನುಷ್ಯ ತಿಪ್ಪೆಯಲ್ಲಿ ಮೊಣಕಾಲೂರಿ, ಬೆರಳ ತುದಿಯಿಂದ ಕೆಂಪು ಮಣ್ಣನ್ನು ಹರಳು ಹರಳಾಗಿ ಆರಿಸತೊಡಗಿದ. ಸ್ವಲ್ಪ ಹೊತ್ತು ನೋಡಿ ಮಾರೆಮ್ಮನೂ ಪಕ್ಕದಲ್ಲಿ ಕುಳಿತಳು. ಬಿಸಿಲು ಇಳಿಯುವ ಹೊತ್ತಿಗೆ ನಾಲ್ಕೈದು ಹಿಡಿ ಸಿಕ್ಕಿತು.

ಕಾಗದದಲ್ಲಿ ಕಟ್ಟಿಕೊಳ್ಳಲು ಹೋದರೆ ಅವಳು ಬಿಡಲಿಲ್ಲ. “ಈ ಮಣ್ಣು ನಮ್ಮನಿ ಬಿಟ್ಟು ಹಂಗ ಹೋಗಂಗಿಲ್ಲ. ಟವೆಲ್ ಹಿಡಿ” ಎಂದಳು. ಉಚ್ಚೆಂಗೆಪ್ಪ ಹೆಗಲ ಟವೆಲನ್ನು ಸೆರಗಿನ ಹಾಗೆ ಚಾಚಿ ನಿಂತ. ಮಾರೆಮ್ಮ ಅಕ್ಕಿ ಹಾಕಿದಳು, ಕೊಬ್ಬರಿ ಬಟ್ಟಲು ಹಾಕಿದಳು. ಅರಿಶಿಣದ ಬೇರು ಎತ್ತಿಕೊಂಡಾಗ ಅವನು, “ಅರಿಶಿಣ...” ಎಂದು ತಡೆಯಲು ಹೋದ. ಅರಿಶಿಣವೂ ಬೂಜಿಗೆ ಆಗದೆಂದು ಮೇಡಂ ಎಂದೋ ಹೇಳಿದ್ದರು.

“ಗೊತ್ತೈತಿ ಸುಮ್ಮನಿರು” ಎಂದಳು ಮುದುಕಿ. “ಮಣ್ಣಿಗೆ ಅರಿಶಿಣ ತಾಕಬಾರದು. ಮಣ್ಣು ಬ್ಯಾರೆ ಬಟ್ಟಿಯಾಗ. ನಮ್ಮತ್ತಿ ಕಾಲದಿಂದ ಹಂಗ.” ಹೇಳಿ, ಹಳೆಯ ಸೀರೆಯ ತುಂಡಿನಲ್ಲಿ ಮಣ್ಣನ್ನು ಬೇರೆ ಗಂಟು ಕಟ್ಟಿ ಉಡಿಯಲ್ಲಿಟ್ಟಳು. “ಇದು ನನ್ನ ಮೊಮ್ಮಗಳ ಉಡಿ. ಆಕಿಗೆ ಬರೇ ಅಕ್ಕಿ ಕೊಟ್ಟು ಕಳಿಸ್ತೀನಿ. ನೆನಪಿಟ್ಕೋ.”

ಉಚ್ಚೆಂಗೆಪ್ಪ ನೆನಪಿಟ್ಟುಕೊಳ್ಳದೆ ಇರುವುದು ಹೇಗೆ? ಬಳ್ಳಾರಿಯವರೆಗೆ ಬಸ್ಸಿನಲ್ಲಿ ಗಂಟನ್ನು ಮಡಿಲಿನಿಂದ ಇಳಿಸಲಿಲ್ಲ.

ಮೇಡಂ ಮಣ್ಣನ್ನು ಎರಡು ಪಾಲು ಮಾಡಿದರು. ಒಂದು ಪಾಲನ್ನು ದೇಶನೂರಿಗೆ ಒಯ್ದು ಊರಮ್ಮನ ಕುಂಡದ ಹಳೆಯ ಮಣ್ಣು ತೆಗೆದು ತುಂಬಿದರು. ಪರಶುವಿಗೆ ಎಲ್ಲ ತಿಳಿಸಿ ಹೇಳಿದಾಗ ಅವನು ಮುಖ ಸಣ್ಣದು ಮಾಡಿಕೊಂಡು ಪಂಪನ್ನು ಕೊಟ್ಟಿಗೆಯ ಆಚೆ ಇಟ್ಟುಬಂದ. ವಾರದೊಳಗೆ ಕುಂಡದ ಎಲೆ ಒಣಗಿ ಉದುರಿತು. ಮಣ್ಣೊಳಗಿನ ಗಡ್ಡೆ ಬದುಕಿದೆಯೋ ಇಲ್ಲವೋ ಮಳೆಗಾಲದವರೆಗೆ ತಿಳಿಯುವಂತಿರಲಿಲ್ಲ.

ಇನ್ನೊಂದು ಪಾಲು ಲ್ಯಾಬಿಗೆ. ಅದರಲ್ಲಿ ಸಾವಿರ ಬೂಜು, ತಮ್ಮದು ಯಾವುದೆಂದು ಯಾರು ಬಲ್ಲರು? ಮೇಡಂ ಮಣ್ಣಿನಿಂದ ಒಂದೊಂದೇ ಬೂಜು ಬೇರ್ಪಡಿಸಿ, ಎದೆ ಗಟ್ಟಿ ಮಾಡಿಕೊಂಡು, ಒಂದೊಂದು ಮೊಳಕೆಗೆ ಕೂಡಿಸಿ ನೋಡಿದರು. ಮೊದಲನೆಯ ನಾಲ್ಕು ಮೊಳಕೆಗಳು ಮೂರೇ ದಿನಕ್ಕೆ ಕೊಳೆತವು. ಉಣಿಸಬೇಕಾದದ್ದು ಬರಲಿಲ್ಲ, ಉಣ್ಣುವಂಥದ್ದು ಬಂದಿತ್ತು. ಮತ್ತೆ ನಾಲ್ಕು. ಅವೂ ಹೋದವು. ಉಳಿದ ನಾಲ್ಕನ್ನು ಮುಟ್ಟಲು ಮೇಡಂಗೆ ಧೈರ್ಯ ಬರಲಿಲ್ಲ. ಮುಟ್ಟದೆ ಇಟ್ಟವು ಸಂಕ್ರಾಂತಿಯ ಹೊತ್ತಿಗೆ ಸಕ್ಕರೆ ಸಾಲದೆ ತಾವೇ ಕಂದಿದವು. ಕೊನೆಯ ಸೀಸೆಯನ್ನು ತೊಳೆಯಲು ಉಚ್ಚೆಂಗೆಪ್ಪನ ಕೈಗೆ ಕೊಡುವಾಗ ಮೇಡಂ ಅವನ ಮುಖ ನೋಡಲಿಲ್ಲ. ಅವನು ಅದನ್ನು ತೊಳೆಯಲಿಲ್ಲ. ಫ್ರಿಜ್ಜಿನ ಹಿಂಬದಿಯಲ್ಲಿ, ಬಿಸ್ಕೀಟಿನ ಡಬ್ಬಿ ಇದ್ದ ಜಾಗದಲ್ಲಿ ಇಟ್ಟ.

ಮಾಘದಲ್ಲಿ ಅನಿತಾಳ ಮದುವೆಗೆ ಕರೆ ಬಂತು. ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗುವುದು?

ಇನ್ನು ಉಳಿದದ್ದು ಒಂದು ಕುಂಡ. ಬೇಸಿಗೆ ಕಳೆಯಿತು, ಮೃಗಶಿರ ಬಂತು, ಆರಿದ್ರಾ ಬಂತು. ಎರಡು ದಿನಕ್ಕೊಮ್ಮೆ ಫೋನು. ಊರಮ್ಮನ ಉತ್ತರ ಒಂದೇ: “ಇಲ್ಲಣ್ಣ. ಹುಲ್ಲು ಬಂದೈತಿ, ಕಿತ್ತಿಲ್ಲ. ನೀವು ಏನೂ ಮುಟ್ಟಬ್ಯಾಡ ಅಂದೀರಿ.” ಪುನರ್ವಸು ಮುಗಿಯುವ ಹೊತ್ತಿಗೆ ಅವಳೇ ಫೋನು ಮಾಡಿದಳು. “ಅಣ್ಣ, ಊರಾಗಿನ ಗಿಡ ಎಲ್ಲಾ ಚಿಗುರ್ಯಾವು. ಇದು ಬೋಳೇ ಐತಿ. ಅವ್ವನೂ ಬಂದಾಳ. ಒಂದ್ಸಲ ಬಂದು ನೋಡಿಬಿಡ್ರಿ” ಎಂದಳು.

ಮೇಡಂ, ಉಚ್ಚೆಂಗೆಪ್ಪ ಇಬ್ಬರೂ ಹೋದರು. ಕುಂಡದ ಸುತ್ತ ಮಾರೆಮ್ಮ, ಊರಮ್ಮ, ಸ್ವಲ್ಪ ದೂರದಲ್ಲಿ ತಪ್ಪಿತಸ್ಥನ ಹಾಗೆ ಪರಶು. ಮೇಡಂ ಅಗೆಯಲು ಮುಂದಾದಾಗ ಉಚ್ಚೆಂಗೆಪ್ಪ, “ನಾ ತಗೀತೀನ್ರಿ” ಎಂದ. ಬೆರಳಿನಿಂದ ಮಣ್ಣು ಸರಿಸುತ್ತ ಹೋದ. ನಾಲ್ಕು ಬೆರಳು ಆಳದಲ್ಲಿ ಗಡ್ಡೆ ಸಿಕ್ಕಿತು. ಕಪ್ಪಗೆ ಸುಕ್ಕಾಗಿತ್ತು, ಒತ್ತಿದರೆ ಬರೀ ಸಿಪ್ಪೆ.

“ಹೋತು” ಎಂದಳು ಮಾರೆಮ್ಮ, ಸೆರಗಿನ ತುದಿ ಬಾಯಿಗಿಟ್ಟುಕೊಂಡು.

ಉಚ್ಚೆಂಗೆಪ್ಪನ ಬೆರಳು ನಿಲ್ಲಲಿಲ್ಲ. ನಿಲ್ಲಿಸಿದರೆ ಎಲ್ಲ ಮುಗಿಯಿತೆಂದು ಒಪ್ಪಿಕೊಂಡಂತೆ ಆಗುತ್ತಿತ್ತು, ಅದಕ್ಕೆ ನಿಲ್ಲಿಸಲಿಲ್ಲ. ಸಿಪ್ಪೆಯ ಪಕ್ಕದಲ್ಲಿ ಏನೋ ಗಟ್ಟಿಯಾದದ್ದು ತಾಕಿತು. ಹರಳು ಎಂದುಕೊಂಡ. ಹರಳಲ್ಲ. ಕಡಲೆಕಾಳಿನಷ್ಟು ಹೊಸ ಗಡ್ಡೆ, ಬೆಳ್ಳಗೆ, ಅದರಿಂದ ಹೊರಟ ಒಂದೇ ಒಂದು ಬೇರು, ದಾರದಷ್ಟು.

ಮೇಡಂ ನೆಲಕ್ಕೆ ಬಗ್ಗಿದರು. “ಎಲೆ ಇಲ್ಲ, ಬಿಸಿಲು ಕಂಡಿಲ್ಲ” ಎಂದರು ತಮಗೆ ತಾವೇ. “ಹಂಗಾರ ಇದಕ್ಕ ಉಣಿಸಿದ್ದು ಯಾರು?” ಬೇರನ್ನು ಇನ್ನೂ ಹತ್ತಿರದಿಂದ ನೋಡಿದರು. “ಬೂಜು ಹತ್ತಿರಬೌದು. ಇಲ್ಲಾ, ಹಳೀ ಗಡ್ಡಿ ತನ್ನ ಮೈಯಾಗಿದ್ದದ್ದೆಲ್ಲಾ ಇದಕ್ಕ ಕೊಟ್ಟು ತಾ ಸತ್ತಿರಬೌದು. ಹಂಗಿದ್ರ ಇದೂ ಮುಂದಿನ ಮಳಿ ಕಾಣಂಗಿಲ್ಲ.”

“ಯಾವುದಂತ ಗೊತ್ತಾಗಾಕ ಏನ್ ಮಾಡಬೇಕ್ರಿ?” ಎಂದಳು ಊರಮ್ಮ.

“ಬೇರು ಕತ್ತರಿಸಿ ನೋಡಬೇಕು.”

ಬೇರು ಇದ್ದದ್ದು ಒಂದು. ಮೇಡಂ ಚೀಲದಿಂದ ಬ್ಲೇಡು ತೆಗೆದರು. ಒಂಬತ್ತು ವರ್ಷದ ಕೆಲಸ ಆ ದಾರದೊಳಗೆ ಇತ್ತೋ ಇಲ್ಲವೋ. ನೋಡಿದರೆ ಗಿಡ ಉಳಿಯುವುದಿಲ್ಲ, ನೋಡದಿದ್ದರೆ ಇನ್ನೊಂದು ವರ್ಷ ಇದೇ ಸಂಕಟ. ಉಚ್ಚೆಂಗೆಪ್ಪ ತನ್ನ ಮಣ್ಣುಗೈಯನ್ನು ಬೇರಿನ ಮೇಲೆ ಬೋರಲಾಗಿ ಇಟ್ಟ.

“ಬ್ಯಾಡ್ರಿ ಮೇಡಂ” ಎಂದ. “ಇಷ್ಟು ದಿನ ನಾವು ತಗದು, ತೊಳದು, ನೋಡಿದ್ದು ಸಾಕು. ಇದು ಕತ್ತಲದಾಗ ಇರೂದು, ಇರ್ಲಿ ಬಿಡ್ರಿ.”

ಮೇಡಂ ಅವನನ್ನೇ ನೋಡಿದರು. ಆಮೇಲೆ ಬ್ಲೇಡನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಕಣ್ಣೊರೆಸಿಕೊಂಡರು. ಉಚ್ಚೆಂಗೆಪ್ಪ ಕಪ್ಪು ಸಿಪ್ಪೆಯನ್ನೂ ತೆಗೆಯಲಿಲ್ಲ, ಹುಲ್ಲನ್ನೂ ಕೀಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಮುಚ್ಚಿದ. ಮಾರೆಮ್ಮ ಅವನ ಪಕ್ಕ ಕುಳಿತು, ತಾನೂ ಒಂದು ಹಿಡಿ ಮಣ್ಣು ಎಳೆದಳು.

ಊರಮ್ಮ ತಂಬಿಗೆಯಲ್ಲಿ ನೀರು, ಒಂದು ಸೋಪು ತಂದು ಮುಂದೆ ಹಿಡಿದಳು. “ಕೈ ತೊಳಕೊಳ್ರಿ ಅಣ್ಣ, ಊಟಕ್ಕ ಏಳ್ರಿ.”

ಉಚ್ಚೆಂಗೆಪ್ಪ ಕೈ ನೋಡಿಕೊಂಡ. ಉಗುರಿನ ಸಂದಿಯಲ್ಲೆಲ್ಲ ಕೆಂಪು ಮಣ್ಣು ಕಟ್ಟಿತ್ತು. “ಊಟ ಆಮ್ಯಾಲೆ ಆತು ತಂಗಿ” ಎಂದು ತಂಬಿಗೆಯ ನೀರನ್ನು ಕುಂಡಕ್ಕೆ ಮೆಲ್ಲಗೆ ಹಾಕಿ, ಆ ಕೈಯಲ್ಲೇ ಬಳ್ಳಾರಿಯ ಬಸ್ಸು ಹತ್ತಿದ.